ಕೊನೆಯ ಮನೆಯವರು ಬಂದ ದಿನ

“ಅವ್ವ, ಯಾವ ದಿನವೆಂದು ಬರೆಯಲಿ?” ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ರಾಜಧಾನಿಯಿಂದ ಬಂದ ಕಾಗದವಿತ್ತು. ಈ ಊರಿನ ಮಂದಿಯ ಧರ್ಮಗ್ರಂಥದ ಗೌರವಕ್ಕಾಗಿ ದೇಶವೆಲ್ಲ ಒಂದು ದಿನವನ್ನು ಆಚರಿಸಬೇಕೆಂದು ಶಾಸನಸಭೆಯಲ್ಲಿ ಕೆಲವರು ಮಸೂದೆ ತಂದಿದ್ದರು. ದಿನ ಯಾವುದೆಂದು ಗ್ರಂಥದ ಮಂದಿಯೇ ತಿಳಿಸಲಿ ಎಂದು ಕಾಗದದಲ್ಲಿ ಕೇಳಿದ್ದರು.

“ಊರಿನವರು ಏನೆನ್ನುತ್ತಾರೆ?” ಎಂದರು ಗುರುತಾಯಿ.

“ಗ್ರಂಥ ಬರೆದು ಮುಗಿಸಿದ ಹುಣ್ಣಿಮೆ ಆಗಲಿ ಎನ್ನುತ್ತಾರೆ. ಎಲ್ಲರೂ ಒಪ್ಪಿದ್ದಾರೆ. ನನಗಂತೂ ಎದೆ ಉಬ್ಬಿಹೋಗಿದೆ, ಅವ್ವ. ಹೊಳೆಯಾಚೆಯ ಕೇರಿಯವರನ್ನು ಮಾತ್ರ ಕೇಳಿಲ್ಲ. ಅವರು ಈಗೀಗ ಗ್ರಂಥದ ಓದಿಗೆ ಬರುವುದಿಲ್ಲ.”

“ಎದೆ ಉಬ್ಬಲಿ, ಬೇಡವೆನ್ನುವುದಿಲ್ಲ. ನಾನು ಹುಟ್ಟಿದ ಸೀಮೆಯಲ್ಲಿ ಒಂದು ಕತೆ ಹೇಳುತ್ತಾರೆ. ಸೀಮೆ ಬಿಟ್ಟು ಐವತ್ತು ವರ್ಷವಾಯಿತು, ಕತೆ ನನ್ನ ಜೊತೆಗೇ ಬಂದಿದೆ. ಕುಳಿತು ಕೇಳು.”

ಶಿಷ್ಯ ಕುಳಿತ. ಗುರುತಾಯಿ ಹೇಳಿದರು.

ಒಂದು ನಾಡಿನಲ್ಲಿ ಇಪ್ಪತ್ತೊಂದು ಮನೆಯವರಿಗೆ ಸೇರಿದ ಒಂದು ಗ್ರಂಥವಿತ್ತು. ತಾಳೆಗರಿಯ ಗ್ರಂಥ, ಇಪ್ಪತ್ತೊಂದೇ ಗರಿ. ಹಿಂದೊಮ್ಮೆ ದಂಡು ಬಂದು ಊರು ಸುಟ್ಟಿತು. ಒಂದೇ ಕಡೆ ಇದ್ದರೆ ಒಂದೇ ಬೆಂಕಿಗೆ ಹೋದೀತು ಎಂದು ಹಿರಿಯರು ಕಟ್ಟು ಬಿಚ್ಚಿ ಮನೆಗೊಂದು ಗರಿ ಕೊಟ್ಟರು. ಮನೆಗಳು ದಿಕ್ಕಾಪಾಲಾದವು. ಗ್ರಂಥ ಉಳಿಯಿತು.

ಅಂದಿನಿಂದ ಯಾವ ಮನೆಯಲ್ಲೂ ಇಡೀ ಗ್ರಂಥವಿಲ್ಲ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎಲ್ಲರೂ ತಮ್ಮ ತಮ್ಮ ಗರಿ ಹಿಡಿದು ಒಂದು ಹುಣಸೆಮರದ ಕೆಳಗೆ ಸೇರುತ್ತಿದ್ದರು. ಗರಿಗಳನ್ನು ಒಂದೇ ದಾರಕ್ಕೆ ಪೋಣಿಸಿ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಮತ್ತೆ ದಾರ ಬಿಚ್ಚಿ ಗರಿ ಹಿಡಿದು ಹೊರಡುತ್ತಿದ್ದರು. ಅದಕ್ಕೆ ತಿಥಿಯಿಲ್ಲ, ವಾರವಿಲ್ಲ. ಕೊನೆಯ ಮನೆಯವರು ಬಂದ ದಿನವೇ ಓದಿನ ದಿನ.

ಅವರಲ್ಲಿ ಒಬ್ಬ ರೈತನಿದ್ದ. ಮೊದಲನೆಯ ಗರಿ ಅವನ ಮನೆಯದು. ನಮ್ಮ ಗ್ರಂಥಕ್ಕಾಗಿ ಈ ದೇಶ ಒಮ್ಮೆ ಎದ್ದು ನಿಲ್ಲಬೇಕು ಎಂಬುದು ಅವನ ಆಸೆ. ಮೂರು ವರ್ಷ ರಾಜಧಾನಿಗೆ ನಡೆದ. ಬಾಗಿಲು ಬಾಗಿಲಲ್ಲಿ ಕಾದ. ಕಡೆಗೆ ಒಬ್ಬ ಸಭಾಸದ ಅವನ ಮಾತನ್ನು ಸಭೆಯಲ್ಲಿ ಎತ್ತಿದ.

ಸಭೆ ಒಪ್ಪಿತು. ಆದರೆ ಪಂಚಾಂಗದಲ್ಲಿ ಬರೆಯಲು ತಾರೀಕು ಬೇಕೆಂದು ತಾನೇ ಒಂದನ್ನು ಗೊತ್ತುಮಾಡಿತು. ಆ ದಿನ ಮಧ್ಯಾಹ್ನದೊಳಗೆ ಸಭಾಸದನ ಎದುರು ಗ್ರಂಥದ ಓದು ಶುರುವಾಗಬೇಕು, ಇಲ್ಲದಿದ್ದರೆ ಮಸೂದೆ ಬಿದ್ದಂತೆ ಎಂದಿತು.

ಆ ದಿನ ಬಂತು. ಮರದ ಸುತ್ತ ಸಾವಿರ ಸಾವಿರ ಜನ. ಬೇರೆ ದೇವರಿಗೆ ಕೈಮುಗಿಯುವವರೂ ಬಂದಿದ್ದರು. ಇಪ್ಪತ್ತು ಮನೆಯವರು ಸೇರಿದ್ದರು. ಹನ್ನೊಂದನೆಯ ಗರಿ ಬಂದಿರಲಿಲ್ಲ. ಅದು ಗಾಣ ಆಡಿಸುವ ಒಬ್ಬ ಮುದುಕಿಯ ಬಳಿ ಇತ್ತು. ಆಕೆಯ ಊರು ಘಟ್ಟದ ಕೆಳಗೆ, ಐದು ದಿನದ ನಡಿಗೆ. ತಾರೀಕಿನ ಸುದ್ದಿ ಆಕೆಗೆ ತಡವಾಗಿ ಮುಟ್ಟಿತ್ತು.

ಹೊತ್ತು ಏರಿತು. “ಒಂದು ಗರಿ ತಾನೆ, ಅದನ್ನು ಬಿಟ್ಟು ಓದಿ” ಎಂದ ಸಭಾಸದ.

“ಹತ್ತನೆಯ ಗರಿಯಲ್ಲಿ ಮಗ ತಾಯಿಯನ್ನು ಧರ್ಮ ಯಾವುದೆಂದು ಕೇಳುತ್ತಾನೆ. ಹನ್ನೆರಡರಲ್ಲಿ ಆಕೆಯ ಕಾಲಿಗೆ ಬೀಳುತ್ತಾನೆ. ಯಾಕೆ ಬಿದ್ದನೆಂದು ತಿಳಿಯದೆ ದೇಶ ಮನೆಗೆ ಹೋಗಬೇಕೆ, ಸ್ವಾಮಿ?” ಎಂದ ರೈತ. ಜನ ನಕ್ಕರು.

ಹನ್ನೆರಡನೆಯ ಗರಿಯವನು ಒಬ್ಬ ವರ್ತಕ. ಅವನು ಎದ್ದ. “ಹನ್ನೊಂದು ನನಗೆ ಬಾಯಿಗೆ ಬರುತ್ತದೆ. ಹೇಳಿಬಿಡುತ್ತೇನೆ, ಗೌಡ. ಮೂರು ವರ್ಷ ಚಪ್ಪಲಿ ಸವೆಸಿದವನು ನೀನು.”

ಅದು ನಿಜವೇ. ಹನ್ನೊಂದು ಎಲ್ಲರ ಬಾಯಲ್ಲೂ ಇತ್ತು. ರೈತ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ.

“ಬಾಯಿಗೆ ಬಂದರೆ ಆಯಿತೇ, ಶೆಟ್ಟರೇ? ಮನೆ ಬಂದಿಲ್ಲ” ಎಂದ.

ಸಭಾಸದ ಸಿಟ್ಟಾದ. “ಇಲ್ಲಿ ದೇಶವೇ ಕಾಯುತ್ತಿದೆ. ನಿನಗೆ ಎಚ್ಚರವಿದೆಯೆ?”

“ಕಾಯಲಿ. ಒಂದು ಮುದುಕಿಗಾಗಿ ದೇಶ ಕಾಯಿತು ಎಂದರೆ ನಮ್ಮ ಗ್ರಂಥಕ್ಕೆ ಇನ್ನೇನು ಮರ್ಯಾದೆ ಬೇಕು?”

ಮಧ್ಯಾಹ್ನ ಕಳೆಯಿತು. ಮಸೂದೆ ಬಿತ್ತು. ರೈತ ತನ್ನ ಗರಿಯನ್ನು ಮಡಿಲಲ್ಲಿಟ್ಟುಕೊಂಡು ಮರದ ಬುಡಕ್ಕೆ ಒರಗಿದ. ಸಭಾಸದ ಕುದುರೆ ತರಿಸಿದ. ಹತ್ತುವಾಗ ತಿರುಗಿ ನೋಡಿದರೆ ಒಬ್ಬರೂ ಕದಲಿರಲಿಲ್ಲ. ಯಾರೋ ಒಲೆ ಹೂಡುತ್ತಿದ್ದರು. ಅವನು ಕುದುರೆ ಬಿಟ್ಟು ಬಂದು ಜನರ ನಡುವೆ ಕುಳಿತ.

ಮೂರನೆಯ ದಿನ ಗಾಣದ ಮುದುಕಿ ಬಂದಳು. ಕೈಯಲ್ಲಿ ಕೋಲು, ಸೆರಗಿನಲ್ಲಿ ಸುತ್ತಿದ ಗರಿ. ಜನ ದಾರಿ ಬಿಟ್ಟರು. ದಾರಿ ಬಿಡುತ್ತ ಬಿಡುತ್ತ ಅಷ್ಟೂ ಜನ ಎದ್ದು ನಿಂತರು. ಏಳಿರಿ ಎಂದು ಯಾರೂ ಹೇಳಲಿಲ್ಲ. ಸಭಾಸದನೂ ಎದ್ದು ನಿಂತಿದ್ದ.

ಮುದುಕಿ ಸುತ್ತಲೂ ನೋಡಿದಳು. “ಎಲ್ಲ ಎದ್ದುಬಿಟ್ಟಿರಲ್ಲ, ಊಟ ಮುಗಿಯಿತೇನು?” ಎಂದಳು.

ರೈತ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ಗರಿಗಳನ್ನು ಪೋಣಿಸಿದರು. ಓದಿದರು. ಹನ್ನೊಂದನೆಯದನ್ನು ಮುದುಕಿಯೇ ಓದಿದಳು. ‘ಮಗನೇ, ಉಣ್ಣಲು ಕೂರುವ ಮುಂಚೆ ಯಾರು ಬಂದಿಲ್ಲ ಎಂದು ನೋಡು. ಅದೇ ಧರ್ಮ’ ಎಂದು ಅದರಲ್ಲಿತ್ತು.

ಸಭಾಸದ ರಾಜಧಾನಿಗೆ ಮರಳಿ ಅದೇ ಮಸೂದೆಯನ್ನು ಮತ್ತೆ ತಂದ. ತಾರೀಕನ್ನು ಹೊಡೆದುಹಾಕಿ ಆ ಜಾಗದಲ್ಲಿ ‘ಕೊನೆಯ ಮನೆಯವರು ಬಂದ ದಿನ’ ಎಂದು ಬರೆದಿದ್ದ. ಸಭೆ ಮೊದಲು ನಕ್ಕಿತು, ಆಮೇಲೆ ಒಪ್ಪಿತು. ಆ ನಾಡಿನ ಪಂಚಾಂಗದಲ್ಲಿ ಆ ದಿನವನ್ನು ಹುಡುಕಿದರೆ ಸಿಗುವುದಿಲ್ಲ. ಆದರೂ ಅದು ವರ್ಷ ವರ್ಷವೂ ಬರುತ್ತದೆ. ದೇಶ ಎದ್ದು ನಿಲ್ಲುತ್ತದೆ.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬೆಳಗಿತ್ತು.

“ಎಂಥ ಮಂದಿ, ಅವ್ವ!” ಎಂದ. ಕಾಗದ ಬಿಡಿಸಿ ಲೇಖನಿಯನ್ನು ಶಾಯಿಯಲ್ಲಿ ಅದ್ದಿದ. “ಹಾಗಾದರೆ ನಮ್ಮದಕ್ಕೆ ಹುಣ್ಣಿಮೆ ಎಂದೇ ಬರೆಯಲೇ?”

“ಹೊಳೆಯಾಚೆಯವರು ಬಂದ ದಿನ ಎಂದು ಬರೆ” ಎಂದರು ಗುರುತಾಯಿ.

ಶಿಷ್ಯನ ಲೇಖನಿಯಲ್ಲಿ ಶಾಯಿ ಒಣಗಿತು.