ನೇಕಾರನ ಕಾಲು

“ಗುರುಗಳೇ, ಸಾಕಿದ ಬೆಕ್ಕನ್ನು ಹಾಸಿಗೆಯ ಮೇಲೆ ಮಲಗಿಸಿಕೊಳ್ಳಬಹುದೇ, ಬಾರದೇ?” ಎಂದು ಶಿಷ್ಯನೊಬ್ಬ ಕೇಳಿದ.

ಉಳಿದ ಶಿಷ್ಯರು ನಕ್ಕರು. ಗುರುಗಳು ಊರೂರು ತಿರುಗುವವರು. ಅಂದು ಒಂದು ಹಳೆಯ ಛತ್ರದ ಜಗಲಿಯಲ್ಲಿ ಕೂತು, ಕಿತ್ತುಹೋದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದರು.

“ಹಾಸಿಗೆಯೇ ಇಲ್ಲದವನನ್ನು ಹಿಡಿದು ಕೇಳುತ್ತೀಯಲ್ಲಪ್ಪ,” ಎಂದರು. “ನನಗಿರುವುದು ಒಂದು ಕಂಬಳಿ. ಅದರ ಹತ್ತಿರ ಇದುವರೆಗೆ ಯಾವ ಬೆಕ್ಕೂ ಸುಳಿದಿಲ್ಲ. ಬೆಕ್ಕಿಗೂ ಮೂಗಿದೆ. ಇರಲಿ, ಬೇಡವೆನ್ನುವವರು ಯಾರು?”

“ಮನೆಯಾಕೆ. ಕೂದಲು ಉದುರುತ್ತದೆ, ಕಾಯಿಲೆ ಬರುತ್ತದೆ ಎನ್ನುತ್ತಾಳೆ. ಮೂಕಪ್ರಾಣಿ, ಚಳಿಯಲ್ಲಿ ಹೊರಗೆ ಹಾಕುವುದು ದಯೆಯೇ ಎನ್ನುತ್ತೇನೆ ನಾನು. ದಿನಾ ಇದೇ ರಗಳೆ. ತಾವು ಒಂದು ಮಾತು ಹೇಳಿಬಿಟ್ಟರೆ ಮುಗಿಯುತ್ತದೆ.”

ಗುರುಗಳು ದಾರವನ್ನು ಹಲ್ಲಿನಿಂದ ಕಡಿದು, ಚಪ್ಪಲಿಯನ್ನು ಪಕ್ಕಕ್ಕಿಟ್ಟು, ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನದು ಗುಂಡಿ ಮಗ್ಗ. ಅಂಥ ಮಗ್ಗದಲ್ಲಿ ನೇಕಾರ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಕೈ ಲಾಳಿ ಎಸೆಯುತ್ತದೆ, ಕಾಲು ಕೆಳಗಿನ ಹಲಗೆಗಳನ್ನು ತುಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಡ, ಬಲ, ಎಡ, ಬಲ. ಮಲಗಿದ ಮೇಲೂ ಆ ಕಾಲಿಗೆ ಬಿಡುವಿಲ್ಲ. ನಿದ್ದೆಯಲ್ಲೇ ತುಳಿಯುತ್ತಿರುತ್ತದೆ. ಪಕ್ಕದಲ್ಲಿ ಯಾರಿದ್ದರೂ ಒದೆ ತಪ್ಪಿದ್ದಲ್ಲ.

ಆ ಬೀದಿಯ ಗಂಡಸರೆಲ್ಲ ಹೀಗೆಯೇ. ಯಾರೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ಹೊಸ ಸೊಸೆ ಬಂದರೆ ಅತ್ತೆಯೇ ಕರೆದು ಹೇಳುತ್ತಿದ್ದಳು: “ಅನ್ನ ಹಾಕೋ ಕಾಲು ಕಣಮ್ಮ. ಒದ್ದರೆ ಬೇಜಾರು ಮಾಡ್ಕೋಬೇಡ. ಒಲೆ ಹತ್ತಿರ ಚಾಪೆ ಹಾಕ್ಕೋ.” ಅವಳೂ ಅಲ್ಲೇ ಮಲಗಿ ಮುದುಕಿಯಾದವಳು.

ಈ ನೇಕಾರನ ಹೆಂಡತಿಯೂ ಮದುವೆಯ ಹೊಸದರಲ್ಲಿ ಒದೆ ತಿಂದಳು, ಕಾಲಿಗೆ ಎಣ್ಣೆ ಸವರಿಕೊಂಡಳು, ಕೊನೆಗೆ ಚಾಪೆಯನ್ನು ಒಲೆಯ ಹತ್ತಿರಕ್ಕೆ ಒಯ್ದಳು. ಗಂಡ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈಯೆತ್ತುವವನಲ್ಲ. “ನಿದ್ದೆಯಲ್ಲಿ ಆಗೋದಕ್ಕೆ ನಾನೇನು ಮಾಡಲಿ?” ಎನ್ನುತ್ತಿದ್ದ. ಅವಳು ನಂಬಿದ್ದಳು. ನಂಬಿದ್ದರಿಂದ ನೆಲ ಅವಳಿಗೆ ಗಟ್ಟಿ ಎನಿಸಿರಲಿಲ್ಲ.

ಗಂಜಿ ಹಾಕಿದ ನೂಲಿಗೆ ಇಲಿ ಬರುತ್ತದೆ. ಇಲಿಯ ಕಾಟಕ್ಕೆಂದು ನೇಕಾರ ಒಂದು ಬೆಕ್ಕು ತಂದ. ಬೆಕ್ಕು ಇಲಿ ಹಿಡಿಯಿತು, ಹಾಲು ಕುಡಿಯಿತು, ಅವನ ಹಾಸಿಗೆ ಹತ್ತಿ ಕಾಲಿನ ಹತ್ತಿರ ಮಲಗಿತು. ಮೊದಲ ದಿನವೇ ಒದೆ ಬಿತ್ತು. ಬೆಕ್ಕು ಕಿಟಕಿಯಿಂದ ಹಾರಿ ಹೋಯಿತು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನೇಕಾರನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಟ್ಟಲಲ್ಲಿ ಹಾಲು ಹಿಡಿದು ಬೀದಿ ಬೀದಿ ಕೂಗಿಕೊಂಡು ತಿರುಗಿದ. ಮಕ್ಕಳು ಮಿಯಾಂವ್ ಎನ್ನುತ್ತ ಅವನ ಹಿಂದೆ ಓಡಿದವು. ಕಡೆಗೆ ಬೆಕ್ಕು ತಾನಾಗಿ ಬಂತು. ಬಂದು ಮತ್ತೆ ಅಲ್ಲೇ, ಅವನ ಕಾಲಿನ ಹತ್ತಿರವೇ ಮಲಗಿತು.

ಕೆಲವು ದಿನ ಕಳೆದ ಮೇಲೆ ಹೆಂಡತಿ ಬೆಳಗಿನ ಜಾವ ಗಂಜಿ ಕಾಯಿಸಲು ಎದ್ದಳು. ದೀಪ ಹಿಡಿದು ಹಾಸಿಗೆಯ ಪಕ್ಕ ಹಾಯುವಾಗ ನಿಂತುಬಿಟ್ಟಳು. ಬೆಕ್ಕು ಗಂಡನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಪಾದ ಅಲುಗುತ್ತಿರಲಿಲ್ಲ. ಗಂಡ ಗೊರಕೆ ಹೊಡೆಯುತ್ತಿದ್ದ; ನಿದ್ದೆ ನಿಜವಾದದ್ದೇ. ಅವಳು ಗಂಜಿ ಮರೆತು ನೋಡಿದಳು. ಮರುದಿನವೂ ಎದ್ದು ನೋಡಿದಳು. ಕಾಲು ನಿಂತೇ ಇತ್ತು.

ಬೆಕ್ಕನ್ನು ಇನ್ನು ಹಾಸಿಗೆಗೆ ಸೇರಿಸಬೇಡಿ ಎಂದಳು. ನಿಜವಾದ ಕಾರಣ ಬಾಯಿಗೆ ಬರಲಿಲ್ಲ. ಕೂದಲು ಉದುರುತ್ತದೆ ಎಂದಳು. ಗಂಡ ನಕ್ಕ. ನಾಲ್ಕು ಜನರ ಮುಂದೆ ಹೇಳಿಕೊಂಡೂ ನಕ್ಕ. ಬಾವಿಯ ಹತ್ತಿರ ಹೆಂಗಸರು ಅವಳನ್ನು ಹಿಡಿದುಕೊಂಡರು.

“ಏನೇ, ನಿನ್ನ ಸವತಿಗೆ ಮೀಸೆ ಇದೆಯಂತಲ್ಲೇ!”

“ಬಾಲಾನೂ ಇದೆಯಂತೆ. ಗಂಡ ಹಾಲು ಹಿಡ್ಕೊಂಡು ಊರೆಲ್ಲ ಹುಡುಕಿದನಂತೆ. ನಿನ್ನ ಯಾವತ್ತಾದರೂ ಹಾಗೆ ಹುಡುಕಿದ್ದನಾ?”

“ನಾನೆಲ್ಲಿ ಕಳೆದುಹೋಗಿದ್ದೆ ಹುಡುಕೋಕೆ?” ಎಂದಳು. ಹಗ್ಗ ಎಳೆಯುತ್ತಲೇ ಹೇಳಿದಳು: “ಅದು ಮಲಗಿದ್ದರೆ ಅವರ ಕಾಲು ಆಡಲ್ಲ.”

ನಗು ನಿಂತಿತು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು: “ನಿಜವಾಗಿ ನೋಡಿದೆಯಾ?”

“ನೋಡಿದೆ.”

ಹೆಂಗಸರು ಕೊಡ ಹೊತ್ತು ಹೋದರು.

ಈ ಮಾತು ಗಂಡನ ಕಿವಿಗೂ ಬಿತ್ತು. ಅವನಿಗೆ ಅವಮಾನವಾಯಿತು. ಅಂದು ಬೆಕ್ಕನ್ನು ಬುಟ್ಟಿಯಡಿ ಹಾಕಿ, ಮೇಲೆ ಕಲ್ಲಿಟ್ಟು, “ಬಾ, ಇಲ್ಲೇ ಮಲಗು. ನೋಡೇಬಿಡೋಣ,” ಎಂದ. ಹೆಂಡತಿ ಚಾಪೆ ಸುತ್ತಿಟ್ಟು ಬಂದು ಮಲಗಿದಳು. ಬೆಳಗಾಗುವಷ್ಟರಲ್ಲಿ ಅವಳ ಕಾಲು ಬಾತಿತ್ತು.

ಗಂಡ ಗೆದ್ದವನಂತೆ ಎದ್ದು ಕೂತ. “ನೋಡಿದೆಯಾ? ಬೇಕಂತ ಒದೀತೀನಾ? ನಿದ್ದೆ ಹತ್ತಿದ ಮೇಲೆ ನಾನೆಲ್ಲಿರ್ತೀನಿ ಅಂತ ನನಗೇ ಗೊತ್ತಿರಲ್ಲ.”

“ನಿಮಗೆ ಗೊತ್ತಿರಲ್ಲ,” ಎಂದಳು. “ಪಕ್ಕದಲ್ಲಿ ಯಾರಿದ್ದಾರೆ ಅಂತ ನಿಮ್ಮ ಕಾಲಿಗೆ ಗೊತ್ತಿರುತ್ತೆ.”

ಕಲ್ಲು ತೆಗೆದು ಬೆಕ್ಕನ್ನು ಬಿಟ್ಟಳು. ಎರಡು ಸೀರೆ ಗಂಟು ಕಟ್ಟಿಕೊಂಡು ತಮ್ಮನ ಊರಿಗೆ ಹೊರಟುಹೋದಳು.

ಊಟದ ಹೊತ್ತಿಗೆ ಬರುತ್ತಾಳೆ ಎಂದುಕೊಂಡ ನೇಕಾರ. ಬರಲಿಲ್ಲ. ಲಾಳಿಯೊಳಗಿನ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದವಳು ಅವಳೇ. ಸುತ್ತಿಟ್ಟಿದ್ದ ನೂಲು ಇರುವ ತನಕ ನೇಯ್ದ. ನೂಲು ಮುಗಿದು ಮಗ್ಗ ನಿಂತಿತು. ಬೆಕ್ಕು ಎಂದಿನಂತೆ ಬಂದು ಅವನ ಪಾದದ ಮೇಲೆ ಮಲಗಿತು. ಕಾಲು ಆಡಲಿಲ್ಲ. ಆದರೆ ಅವನಿಗೆ ನಿದ್ದೆಯೇ ಬರಲಿಲ್ಲ.

ನಡೆದುಕೊಂಡು ಆ ಊರಿಗೆ ಹೋದ. ಹೆಂಡತಿಯ ತಮ್ಮ ಕಾಲಿಗೆ ನೀರು ಕೊಟ್ಟು ಕೇಳಿದ: “ಏನು ಭಾವ, ಅಕ್ಕ ಬಾಯೇ ಬಿಡ್ತಿಲ್ಲ. ಜಗಳವಾ?”

“ಜಗಳ ಅಲ್ಲ. ಬೆಕ್ಕು,” ಎಂದ ನೇಕಾರ.

ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಉಣ್ಣಲು ಕೂರಿಸಿದ. ಮನೆಯ ಅಳಿಯ ಬಂದಿದ್ದಾನೆಂದು ನಡುಮನೆಯಲ್ಲಿ ಇಬ್ಬರಿಗೂ ಒಂದೇ ಹಾಸಿಗೆ ಹಾಸಿದರು. ತವರಿನವರ ಎದುರು ಬೇಡವೆನ್ನಲು ಅವಳಿಗೆ ಆಗಲಿಲ್ಲ.

ಕೋಳಿ ಕೂಗಿದಾಗ ಅವಳಿಗೆ ಎಚ್ಚರವಾಯಿತು. ಅದಕ್ಕೆ ಮುಂಚೆ ರಾತ್ರಿಯಲ್ಲಿ ಒಂದು ಸಲವೂ ಆಗಿರಲಿಲ್ಲ. ಕಣ್ಣು ಬಿಟ್ಟರೆ ಗಂಡ ಎದ್ದು ಕೂತು ಅವಳ ಮುಖವನ್ನೇ ನೋಡುತ್ತಿದ್ದ.

“ಒದ್ದೆನಾ?”

“ಇಲ್ಲ.”

“ಒಂದು ಸಲವೂ?”

“ಇಲ್ಲ.”

ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವಳು ಅಳತೊಡಗಿದಳು.

“ಒದೆಯಲಿಲ್ಲ ಅಂತ ನೀನೇ ಹೇಳ್ತೀಯ. ಮತ್ತೆ ಯಾಕೆ ಅಳ್ತೀಯ?”

“ಅದಕ್ಕೇ ಅಳು ಬರ್ತಿದೆ. ಇಷ್ಟು ವರ್ಷ ನಿಮ್ಮ ಮನೆಯಲ್ಲೇ ಬಿದ್ದಿದ್ದವಳಿಗೆ ಇದು ಸಿಗಲಿಲ್ಲ. ಬಿಟ್ಟು ಬಂದವಳಿಗೆ ಒಂದೇ ರಾತ್ರಿಗೆ ಸಿಕ್ಕಿತು.”

ನೇಕಾರನ ಸಂತೋಷ ಅಲ್ಲಿಗೆ ಆರಿತು. ಬಿಸಿಲೇರುವ ಮುಂಚೆ ಇಬ್ಬರೂ ಊರಿಗೆ ಹೊರಟರು. ಅವಳು ಮುಂದೆ ನಡೆದಳು. ಅವನು ಅವಳ ಗಂಟು ಹೊತ್ತುಕೊಂಡು ಹಿಂದೆ ಬಂದ.

ಗುರುಗಳು ಕತೆ ಮುಗಿಸಿ ಚಪ್ಪಲಿ ಮೆಟ್ಟಿ ಎದ್ದರು. ಪ್ರಶ್ನೆ ಕೇಳಿದ ಶಿಷ್ಯನಿಗೆ ಸಮಾಧಾನವಾದಂತಿತ್ತು.

“ಹಾಗಾದರೆ ಬೆಕ್ಕಿನದೇನೂ ತಪ್ಪಿಲ್ಲ. ಹಾಸಿಗೆಯ ಮೇಲೆ ಮಲಗಬಹುದು ಅಂತಾಯಿತಲ್ಲ, ಗುರುಗಳೇ?”

“ಧಾರಾಳವಾಗಿ ಮಲಗಲಿ; ಆದರೆ ದೀಪ ಆರಿಸುವ ಮುಂಚೆ, ಒದ್ದರೂ ಬಿಟ್ಟು ಹೋಗದವರು ಎಲ್ಲಿ ಮಲಗಿದ್ದಾರೆ ಎಂದು ಒಮ್ಮೆ ನೋಡಿಕೋ.”