ಪಟ್ಟಿಯ ಮೊದಲ ಬಾಟಲಿ

ಕೃಷ್ಣಾ ನದಿಯ ದಂಡೆಯಲ್ಲಿ ರಾವುತಪ್ಪ ಎಂಬ ಮುದುಕ ದ್ರಾಕ್ಷಿ ಬೆಳೆದು ಕೆಂಪು ವೈನ್ ಮಾಡುತ್ತಿದ್ದ. ಕಲಿಯಲು ಬಂದವರು ಅವನ ಬಳಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಹದಿನಾಲ್ಕು ವರ್ಷ ನಿಂತವಳು ಇಂದುಮತಿ ಒಬ್ಬಳೇ.

ಅವಳ ನಾಲಿಗೆಯನ್ನು ಅವನೇ ತಿದ್ದಿದ. ಒಂದು ಗುಟುಕು ಬಾಯಲ್ಲಾಡಿಸಿ ಉಗುಳಿದರೆ ಸಾಕು, ಹಣ್ಣು ಬೇಗ ಕೊಯ್ದದ್ದೋ ತಡವಾಗಿ ಕೊಯ್ದದ್ದೋ ಅವಳು ಹೇಳುತ್ತಿದ್ದಳು.

ಆಮೇಲೆ ಅವಳು ಪಟ್ಟಣ ಸೇರಿದಳು. ಕೊಳ್ಳಬೇಕಾದ ವೈನ್‌ಗಳ ಪಟ್ಟಿಯನ್ನು ಪ್ರತಿವರ್ಷ ಪತ್ರಿಕೆಯೊಂದಕ್ಕೆ ಬರೆಯತೊಡಗಿದಳು. ಅವಳು ಬರೆದದ್ದನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು.

ಒಂದು ವರ್ಷ ಯಾರೂ ಕಂಡಿರದಂಥ ಬೆಳೆ ಬಂತು. ಹದವಾದ ಚಳಿ, ಒಣ ಬಿಸಿಲು, ಅಕಾಲದ ಮಳೆ ಒಂದು ಹನಿಯೂ ಇಲ್ಲ. ಹಣ್ಣು ಸಣ್ಣ, ಸಿಪ್ಪೆ ದಪ್ಪ, ಬಣ್ಣ ಕಡುಗಪ್ಪು. ನಿನ್ನೆ ಮೊನ್ನೆ ಕಲಿತವರ ಪೀಪಾಯಿಯಲ್ಲೂ ಒಳ್ಳೆಯ ವೈನ್ ಇಳಿಯಿತು.

ರಾವುತಪ್ಪನದು ಮಾತ್ರ ಕೆಟ್ಟಿತು.

ಕಟಾವಿನ ಹೊತ್ತಿಗೆ ಅವನ ಹೆಂಡತಿ ಪಾರುಬಾಯಿ ಆಸ್ಪತ್ರೆ ಸೇರಿದ್ದಳು. ಹದಿನೆಂಟು ದಿನ ಅವನು ಮಂಚದ ಪಕ್ಕದಿಂದ ಏಳಲಿಲ್ಲ. ಹತ್ತೊಂಬತ್ತನೆಯ ದಿನ, ನೋಡಲು ಬಂದಿದ್ದ ಇಂದುಮತಿಯನ್ನು ಅವಳ ಪಕ್ಕ ಕೂರಿಸಿ, ಉಳಿದಷ್ಟಾದರೂ ಕೊಯ್ಯೋಣವೆಂದು ತೋಟಕ್ಕೆ ಬಂದ. ಹಣ್ಣು ಬಳ್ಳಿಯಲ್ಲೇ ಸುಕ್ಕುಗಟ್ಟಿತ್ತು.

ಆ ಮಧ್ಯಾಹ್ನವೇ ಪಾರುಬಾಯಿ ತೀರಿಕೊಂಡಳು.

ಅವಳು ಕೈಯಾರೆ ನೆಟ್ಟ ಬಳ್ಳಿಗಳು. ಹಣ್ಣನ್ನು ಚೆಲ್ಲಲು ಅವನಿಗೆ ಮನಸ್ಸು ಬರಲಿಲ್ಲ. ಹಿಂಡಿದ, ಪೀಪಾಯಿಗೆ ತುಂಬಿದ, ಕಾದ, ಬಾಟಲಿಗಿಳಿಸಿದ. ರುಚಿ ನೋಡಿ ಸುಮ್ಮನೆ ಮೂಲೆಗಿಟ್ಟ.

ಪಟ್ಟಿ ಬರೆಯುವ ಕಾಲಕ್ಕೆ ಇಂದುಮತಿ ಬಂದಳು. ಒಂದು ಗುಟುಕು ತೆಗೆದುಕೊಂಡಳು.

"ಹೆಂಗೈತಿ?" ಎಂದ.

"ಛಲೋ ಐತ್ರಿ, ಗುರುಗಳ."

ಹೆಂಡತಿ ಸತ್ತ ಮುದುಕನಿಗೆ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡ.

ತಿಂಗಳೊಳಗೆ ಪಟ್ಟಿ ಅಚ್ಚಾಯಿತು. 'ಇಂಥ ವರ್ಷ ಜೀವಮಾನಕ್ಕೊಮ್ಮೆ. ಈ ಐದು ಬಾಟಲಿ ಕೊಳ್ಳಿ, ಇಪ್ಪತ್ತು ವರ್ಷ ಜೋಪಾನವಾಗಿಡಿ.' ಐದರಲ್ಲಿ ಮೊದಲನೆಯದು ರಾವುತಪ್ಪನದು.

ಗದಗಿನಿಂದ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಹೆಂಡತಿಯೊಂದಿಗೆ ಬಸ್ಸು ಹತ್ತಿ ಬಂದರು. ಆ ವರ್ಷವೇ ಅವರಿಗೆ ಮೊಮ್ಮಗಳು ಹುಟ್ಟಿದ್ದಳು. ಅವಳ ಮದುವೆಯ ದಿನ ತೆರೆಯಲು ಆರು ಬಾಟಲಿ ಬೇಕಿತ್ತು.

"ಬ್ಯಾಡ್ರಿ," ಎಂದ ರಾವುತಪ್ಪ. "ಇದು ಕೆಟ್ಟೈತಿ. ಈ ವರ್ಷದ್ದು ಬ್ಯಾರೆಯವರ ಕಡೆ ಚೊಕ್ಕ ಸಿಗತೈತಿ, ಅಲ್ಲಿ ಹೋಗ್ರಿ."

ಮಾಸ್ತರರು ನಕ್ಕರು. "ಛಲೋದನ್ನ ಒಳಗ ಬಚ್ಚಿಟ್ಟು ಹಿಂಗ ಹೇಳತೀರಿ."

"ಮಾಡಿದಾವ ನಾನ. ನಾನ ಹೇಳಾಕತ್ತೀನಿ."

"ನೀವು ಪಟ್ಟಿ ಬರದಾಕಿ ಗುರು ಇರಬಹುದ್ರಿ," ಎಂದಳು ಅವರ ಹೆಂಡತಿ. "ಆದ್ರ ಆಕಿ ಯಾಕ ಸುಳ್ಳ ಬರೀತಾಳ, ಹೇಳ್ರಿ?"

ರಾವುತಪ್ಪ ಬಾಟಲಿ ಕೊಡಲಿಲ್ಲ. ಅವರು ಬೈದುಕೊಂಡು ಹೋದರು. ಮರುದಿನ ಮತ್ತೆ ಯಾರೋ ಬಂದರು, ಅದರ ಮರುದಿನ ಇನ್ನಾರೋ. ಅವನು ಗೇಟಿಗೆ ಬೀಗ ಹಾಕಿ ಇಂದುಮತಿಗೆ ಹೇಳಿಕಳಿಸಿದ.

ಅವಳು ಬಂದಾಗ ಗ್ಲಾಸು ಮುಂದೆ ಇಟ್ಟ.

"ರುಚಿ ನೋಡು."

ಅವಳು ಬಾಯಲ್ಲಾಡಿಸಿ ಉಗುಳಿದಳು.

"ಹೇಳು."

"ಹಣ್ಣು ಮಾಗಿ ಸತ್ತೈತ್ರಿ. ಬೆಲ್ಲದ ಪಾಕ ಸೀದಂಗ ಐತಿ. ಕಡೀಕ ಬರೇ ಒಗರು."

"ಅವತ್ತೂ ಗೊತ್ತಿತ್ತು?"

"ಗೊತ್ತಿತ್ರಿ."

"ಮತ್ತ ಯಾಕ ಬರದಿ?"

"ಇಂಥಾ ವರ್ಷದಾಗ ಎಲ್ಲಾರ ಹೆಸರೂ ಇದ್ದು ನಿಮ್ಮ ಹೆಸರ ಇಲ್ಲ ಅಂದ್ರ... ನನ್ನ ಕೈಲೆ ಆಗಲಿಲ್ರಿ. ಪ್ರೀತೀಲೆ ಬರದೆ."

"ಉಳಿದ ನಾಕು ಬಾಟಲಿ?"

"ಅವು ಖರೇನ ಛಲೋ ಅದಾವ್ರಿ. ನಿಮ್ಮ ಆಣೆ."

"ಆಣೆ ಮಾಡೂ ಹಂಗಾತಲ್ಲ," ಎಂದ ರಾವುತಪ್ಪ. ಒಳಗೆ ಹೋಗಿ ಕಾಗದ, ಪೆನ್ನು ತಂದು ಅವಳ ಮುಂದಿಟ್ಟ. "ಬರಿ."

ಇಂದುಮತಿ ಕೂತು ಬರೆದಳು. ತಾನು ಸುಳ್ಳು ಹೇಳಿದೆ ಎಂದು, ಮೊದಲ ಬಾಟಲಿ ಕೊಳ್ಳಬೇಡಿ ಎಂದು, ತನ್ನ ಹೆಸರು ಹಾಕಿ ಬರೆದಳು.

ಪತ್ರಿಕೆ ಅದನ್ನು ಅಚ್ಚು ಹಾಕಿತು. ಇನ್ನು ಮುಂದೆ ನಿಮ್ಮ ಪಟ್ಟಿ ಬೇಡ ಎಂದೂ ತಿಳಿಸಿತು. ಜನ ಉಳಿದ ನಾಲ್ಕು ಬಾಟಲಿಗಳನ್ನೂ ಮುಟ್ಟಲಿಲ್ಲ. ಜೀವಮಾನಕ್ಕೊಮ್ಮೆ ಬಂದ ವೈನು ಅಂಗಡಿಗಳಲ್ಲಿ ಧೂಳು ತಿಂದಿತು. ಅದನ್ನು ಮಾಡಿದ ನಾಲ್ವರೂ ಅವಳೊಡನೆ ಮಾತು ಬಿಟ್ಟರು.

ಒಂದು ಮುಂಜಾನೆ ಅವಳು ಮತ್ತೆ ತೋಟಕ್ಕೆ ಬಂದಳು. ರಾವುತಪ್ಪ ಆ ವರ್ಷದ ಬಾಟಲಿಗಳನ್ನು ಒಂದೊಂದಾಗಿ ಬಿರಡೆ ಕಿತ್ತು ಮೋರಿಗೆ ಸುರಿಯುತ್ತಿದ್ದ. ಅವಳು ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತಳು. ಇಬ್ಬರೂ ಸುರಿದರು. ಬಿಸಿಲೇರುವ ಹೊತ್ತಿಗೆ ಒಂದೂ ಉಳಿಯಲಿಲ್ಲ.

"ನನ್ನ ಮ್ಯಾಲ ಇನ್ನೂ ಸಿಟ್ಟೈತೇನ್ರಿ?" ಎಂದಳು.

"ಸಿಟ್ಟಿಲ್ಲ."

"ಹಂಗಾದ್ರ ಯಾಕ ಮುಖ ನೋಡವಲ್ಲರಿ?"

ರಾವುತಪ್ಪ ಕೈ ತೊಳೆದುಕೊಂಡ. ಪಂಚೆಯ ಅಂಚಿಗೆ ಒರೆಸಿಕೊಂಡ. ಅವಳ ಕಡೆ ತಿರುಗಿದ.

"ಪಾರು ಹೋಗೂಮುಂದ ಆಸ್ಪತ್ರ್ಯಾಗ ಆಕಿ ಹತ್ತರ ನೀ ಒಬ್ಬಾಕಿನ ಇದ್ದಿ. ನೋವಿಲ್ಲದ ಹೋದ್ರು, ನಿಮ್ಮನ್ನ ಕರೀಲಿಲ್ಲ ಅಂತ ನನಗ ಹೇಳಿದಿ. ಅದಾದ್ರೂ ಖರೇ ಏನವ್ವಾ?"