ನೀರಿಗಿಂತ ಮೊದಲು ಹೋದವಳು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ನಮ್ಮ ಕೇರಿಯಲ್ಲಿ ಕುಡಿತಕ್ಕೆ ಬಿದ್ದವನೊಬ್ಬನಿದ್ದಾನೆ. ಅವನ ಮನೆಗೆ ಹೋಗಿ ಬುದ್ಧಿ ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಅತ್ತ, ಕೈಮುಗಿದ, ಮೂರು ದಿನ ಬಿಟ್ಟ. ನಾಲ್ಕನೆಯ ದಿನ ಮತ್ತೆ ಅಂಗಡಿ ಮುಂದೆ ಬಿದ್ದಿದ್ದ. ನಿಜ ಹೇಳುವುದು ನನ್ನ ಕೆಲಸ, ಹೇಳಿ ಮುಗಿಸಿದೆ. ಇನ್ನು ತಪ್ಪು ಅವನದೇ ಅಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಬಯಲು ಸೀಮೆ. ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಒಂದು ಹೊಳೆ, ಹೊಳೆಯಿಂದ ತೆಗೆದ ಒಂದು ಕಾಲುವೆ, ಕಾಲುವೆಯ ದಂಡೆಯ ಮೇಲೆ ಹದಿನೆಂಟು ಮೈಲಿ ದಾರಿ. ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಕಾಲುವೆಯ ತಳವೇ ಜನರ ಅಂಗಳ. ಅಲ್ಲಲ್ಲಿ ಉಳಿದ ಮಡುವಿನಲ್ಲಿ ಹೆಂಗಸರು ಕೌದಿ ಒಗೆಯುತ್ತಾರೆ, ಸೇತುವೆಯ ನೆರಳಿನಲ್ಲಿ ಕುರಿಗಳು ಮಲಗುತ್ತವೆ. ಆದ್ದರಿಂದ ನೀರುಗಂಟಿ ಗೇಟು ಎತ್ತುವ ದಿನ, ಒಬ್ಬರು ಸೈಕಲ್ ಹತ್ತಿ ಗಂಟೆ ಬಾರಿಸುತ್ತಾ, ನೀರು ಬರುತ್ತಿದೆ ಮೇಲೆ ಹತ್ತಿ ಎಂದು ಕೊನೆಯ ಊರಿನವರೆಗೂ ಸಾರಬೇಕು.

ಆ ಕೆಲಸವನ್ನು ಬಹಳ ವರ್ಷ ಮಾಡಿದವನು ಒಬ್ಬ ಮುದುಕ. ಬೆಳಗ್ಗೆ ಹೊರಟರೆ ಕೊನೆಯ ಊರು ಸೇರುವ ಹೊತ್ತಿಗೆ ಸಂಜೆ. ಪ್ರತಿ ಸೇತುವೆಯಲ್ಲೂ ಇಳಿದು, ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ಯಾಕೆ ಕೂತೆ ಎಂದು ಯಾರಾದರೂ ಕೇಳಿದರೆ, "ನೀರು ಬರಲಿ, ಹೋಗೋಣ" ಎನ್ನುತ್ತಿದ್ದ.

ಗೇಟಿನ ಹತ್ತಿರದ ಮುದುಕನ ಊರಿನಲ್ಲೇ ಒಬ್ಬ ಹೆಣ್ಣುಮಗಳಿದ್ದಳು. ಗಂಡನಿಲ್ಲ, ಹೊಲವಿಲ್ಲ. ಮೂವತ್ತು ದಾಟಿದ ಮೇಲೆ, ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಬಿದ್ದು ಎದ್ದು ತುಳಿಯಲು ಕಲಿತವಳು. ಮೈಲಿಗಲ್ಲುಗಳನ್ನು ನೋಡಿ ನೋಡಿಯೇ ಅಂಕಿಗಳನ್ನು ಕಲಿತವಳು. ಹಿಂದಿನಿಂದ ಸೀಟು ಹಿಡಿದುಕೊಳ್ಳಲು ತನಗೆ ಯಾರೂ ಇರಲಿಲ್ಲ ಎಂದು ಎಲ್ಲರ ಎದುರಿಗೂ ಹೇಳುವಳು. ಅದು ನಿಜವೂ ಆಗಿತ್ತು. ಮುದುಕನನ್ನು ಕಂಡರೆ ಅವಳಿಗೆ ನಗು. ಅಜ್ಜ ಸೈಕಲ್ಲನ್ನು ತುಳಿಯುತ್ತಾನೋ, ಅದಕ್ಕೆ ಬುದ್ಧಿ ಹೇಳಿ ನಡೆಸುತ್ತಾನೋ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡಿದ್ದಳು.

ಒಂದು ವರ್ಷ ಮುದುಕನ ಮೊಣಕಾಲು ಊದಿತು. ಅವಳು ನೀರುಗಂಟಿಯ ಬಳಿ ಹೋಗಿ ಆ ಕೆಲಸ ತನಗೆ ಬೇಕೆಂದಳು. ಅಲ್ಲಿದ್ದ ಗಂಡಸರು ನಕ್ಕರು. ನೀರುಗಂಟಿ ನಗಲಿಲ್ಲ. ಈ ಒಂದು ಸಲ ಹೋಗಿ ಬಾ, ಸರಿಹೋದರೆ ಮುಂದೆಯೂ ನಿನ್ನದೇ ಎಂದ.

ಗೇಟು ಎತ್ತಿದ ಬೆಳಗ್ಗೆ ಅವಳು ಹೊರಟಳು. ಬೆನ್ನಿಗೆ ಗಾಳಿಯಿತ್ತು. ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದು ಕೈ ಗಂಟೆಯ ಮೇಲೆ. ಎಲ್ಲಿಯೂ ಇಳಿಯಲಿಲ್ಲ. ಸೇತುವೆ ಬಂದಾಗ ಕೂಗಿದಳು, ಕೆಳಗಿದ್ದವರು ಗಡಿಬಿಡಿಯಿಂದ ಮೇಲೆ ಹತ್ತುವುದನ್ನು ಕಣ್ಣಾರೆ ಕಂಡಳು, ಮುಂದೆ ಹೋದಳು. ಎರಡು ತಾಸಿನೊಳಗೆ ಕೊನೆಯ ಊರು ಬಂತು.

ಕೊನೆಯ ಊರಿನವರಿಗೆ ಆಶ್ಚರ್ಯ. ಕೆಲವು ವರ್ಷ ನೀರೇ ಬಾರದೆ ಉಳಿದ ಊರು ಅದು. ಇಷ್ಟು ಬೇಗ ಯಾರೂ ಸುದ್ದಿ ತಂದಿರಲಿಲ್ಲ. ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು, ಊಟ ಹಾಕಿದರು, ಒಂದು ಚೆಂಡುಹೂವಿನ ಹಾರ ಹಾಕಿದರು. ಹೊಗಳಿ ನೀರುಗಂಟಿಗೆ ಆಳಿನ ಕೈಯಲ್ಲಿ ಹೇಳಿಯೂ ಕಳಿಸಿದರು. ಮಧ್ಯಾಹ್ನ ದಾಟಿದ ಮೇಲೆ ಅವಳು ಹಾರವನ್ನು ಹ್ಯಾಂಡಲಿಗೆ ಸುತ್ತಿಕೊಂಡು, ಈಗ ಎದುರಾದ ಗಾಳಿಯಲ್ಲಿ ಅದೇ ದಂಡೆಯ ಮೇಲೆ ತಿರುಗಿ ಹೊರಟಳು.

ಐದು ಮೈಲಿ ಬಂದಾಗ ಒಂದು ಸೇತುವೆಯ ಬಳಿ ನೋಡುತ್ತಾಳೆ, ಹೆಂಗಸರು ಮತ್ತೆ ತಳಕ್ಕಿಳಿದು ಕೌದಿ ಒಗೆಯುತ್ತಿದ್ದಾರೆ. ಬೆಳಗ್ಗೆಯೇ ಹೇಳಿರಲಿಲ್ಲವೇ ಎಂದು ಗದರಿದಳು. ಅವರಲ್ಲೊಬ್ಬಳು ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿದಳು.

"ನಮಗೆ ಹೇಳಿದೆ ಸರಿ, ತಾಯಿ. ನೀರಿಗೆ ಹೇಳುವುದು ಮರೆತೆಯೋ ಏನೋ."

ಉಳಿದವರು ನಕ್ಕರು. ಇಂಥ ಮೂಢರಿಗೆ ಯಾರು ಏನು ಹೇಳಿಯಾರು ಎಂದುಕೊಂಡು ಅವಳು ಪೆಡಲು ಒತ್ತಿದಳು.

ಇನ್ನೊಂದು ಗಳಿಗೆಗೆ ನೀರಿನ ತುದಿ ಎದುರಾಯಿತು. ಒಣ ಎಲೆ, ನೊರೆ, ಕಸ ತಳ್ಳಿಕೊಂಡು ಎತ್ತಿನ ನಡಿಗೆಯಲ್ಲಿ ಬರುತ್ತಿತ್ತು. ಅದರ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಸೇತುವೆ. ಅಲ್ಲಿ ಆಗಲೇ ಸೊಂಟದಷ್ಟು ನೀರು. ದಂಡೆಯ ಮೇಲೆ ಕುರಿಗಳು ಕಾಲುವೆಗೆ ಮುಖ ಮಾಡಿ ಅರಚುತ್ತಿದ್ದವು. ಒಬ್ಬ ಕುರುಬ ಮೈಯೆಲ್ಲ ತೊಯ್ದು ಕೂತಿದ್ದ. ಅವನ ಮಡಿಲಲ್ಲಿ ಒಂದು ಹರಿದ ಬಲೆ ಇತ್ತು. ಮರಿಗಳನ್ನು ಕೂಡಿಹಾಕುವ ಬಲೆ.

ಅವಳು ಸೈಕಲ್ಲಿನಿಂದ ಇಳಿದಳು. ಅವನು ಗಾಬರಿಯಿಂದ ಎದ್ದು ನಿಂತ. ಅವಳನ್ನು ನೀರಿನ ಕಡೆಯ ಅಧಿಕಾರದವಳೆಂದು ತಿಳಿದಿದ್ದ.

"ತಪ್ಪು ನನ್ನದೇ, ತಂಗಿ. ನೀನು ಕೂಗಿದಾಗ ಎಲ್ಲ ಮರಿಗಳನ್ನೂ ಮೇಲೆ ತಂದಿದ್ದೆ. ನಾಲ್ಕು ತಾಸು ಕಾದೆ. ದಂಡೆಯ ಮೇಲೆ ಒಂದು ಮರವಿಲ್ಲ, ಎಳೆ ಮರಿಗಳು ಬಿಸಿಲಿಗೆ ನಾಲಿಗೆ ಚಾಚಿದವು. ಅಜ್ಜನ ಗಂಟೆ ಕೇಳಿದರೆ ಬೆನ್ನಿಗೇ ನೀರು ಬರುತ್ತಿತ್ತು. ಈ ಸಲ ಬರಲಿಲ್ಲ. ಗೇಟು ಮತ್ತೆ ಇಳಿಸಿರಬೇಕು ಎಂದುಕೊಂಡು ಮರಿಗಳನ್ನು ಸೇತುವೆಯ ನೆರಳಿಗೆ ಇಳಿಸಿ ಬಲೆ ಹಾಕಿದೆ. ಕುರಿಗಳು ಯಾರದೋ ಗದ್ದೆಗೆ ನುಗ್ಗಿದವು, ಹೊಡೆದುಕೊಂಡು ಬರುವುದರೊಳಗೆ ಏಳು ಮರಿ ಹೋದವು. ಕಾಲುವೆಗೆ ಇಳಿದಿದ್ದೆ ಎಂದು ಮೇಲೆ ಹೇಳಬೇಡ, ದಂಡ ಹಾಕುತ್ತಾರೆ."

ಅಷ್ಟರಲ್ಲಿ ಒಂದು ಕುರಿ ಹತ್ತಿರ ಬಂದು ಹ್ಯಾಂಡಲಿನ ಹಾರವನ್ನು ಮೂಸಿ ಒಂದು ಹೂವನ್ನು ಕಿತ್ತುಕೊಂಡಿತು. ಕುರುಬ ಅದನ್ನು ಗದರಿಸಿ ದೂಡಿದ.

"ಕೊನೆಯ ಊರಿನವರು ಹಾಕಿದರೇನು? ಈ ಸಲ ಅವರಿಗೂ ನೀರು ಮುಟ್ಟುತ್ತದಲ್ಲ, ಒಳ್ಳೆಯದಾಯಿತು."

ಕೊನೆಯ ಊರಿಗೆ ಇನ್ನೂ ಒಂದು ಹನಿ ಮುಟ್ಟಿರಲಿಲ್ಲ. ಅವಳು ಹಾರ ಬಿಚ್ಚಿ ಕುರಿಗಳ ಮುಂದೆ ಹಾಕಿದಳು. ಅವನ ಮುಖ ನೋಡಲಾಗದೆ ಸೈಕಲ್ ತಿರುಗಿಸಿದಳು. ಕೆಳಗಿನ ಸೇತುವೆಯಲ್ಲಿ ಹೆಂಗಸರು ಇನ್ನೂ ತಳದಲ್ಲಿಯೇ ಇದ್ದರು.

ನೀರಿನ ತುದಿ ಸಿಗುವವರೆಗೆ ತುಳಿದಳು. ಸಿಕ್ಕ ಮೇಲೆ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಅದರ ಸಮಕ್ಕೆ ನಡೆದಳು. ಸೇತುವೆ ಕಣ್ಣಿಗೆ ಬಿದ್ದಾಗ ಓಡಿಹೋಗಿ ನಿಂತಳು. ಈ ಸಲ ಗದರಲಿಲ್ಲ. ಕೌದಿಗಳ ಒಂದು ತುದಿ ಹಿಡಿದು ತಾನೂ ಮೇಲೆಳೆದಳು. ಎಲ್ಲರೂ ಮೇಲೆ ಕೂತು ನೀರು ನೋಡಿದ ಮೇಲೆ ಮುಂದಕ್ಕೆ ನಡೆದಳು. ಕೊನೆಯ ಊರು ಮುಟ್ಟಿದಾಗ ಸಂಜೆಯಾಗಿತ್ತು. ಬೆಳಗ್ಗೆ ಹಾರ ಹಾಕಿದವರು ಈಗ ಅವಳನ್ನು ಗಮನಿಸಲಿಲ್ಲ. ಅವರು ನೀರು ನೋಡುತ್ತಿದ್ದರು.

ಮಾರನೆಯ ದಿನ ನೀರುಗಂಟಿ ಅವಳನ್ನು ಕರೆಸಿದ. ನಕ್ಕಿದ್ದ ಗಂಡಸರ ಎದುರಿಗೇ, ಇಂಥ ಚುರುಕು ಕಂಡಿಲ್ಲ, ಇನ್ನು ಕೆಲಸ ನಿನ್ನದೇ ಎಂದ. ನಡೆದದ್ದನ್ನು ಹೇಳಿದರೆ ಕುರುಬನಿಗೆ ದಂಡ. ಹೇಳದಿದ್ದರೆ ಹೊಗಳಿಕೆಯನ್ನು ಇಟ್ಟುಕೊಳ್ಳಬೇಕು. ಅವಳು ತಲೆ ತಗ್ಗಿಸಿ ನಿಂತಳು. ಎಷ್ಟು ವಿನಯ ಎಂದು ಅವರು ಅದನ್ನೂ ಹೊಗಳಿದರು. ಮುದುಕ ಮಾತ್ರ ಮೂಲೆಯಲ್ಲಿ ಊದಿದ ಕಾಲು ಚಾಚಿಕೊಂಡು ಅವಳನ್ನೇ ನೋಡುತ್ತಿದ್ದ. ಸುಮ್ಮನೆ ಎಲೆಯಡಿಕೆಯ ಚೀಲವನ್ನು ಅವಳ ಕಡೆಗೆ ಸರಿಸಿದ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ, ಆದರೂ ಅವಳು ಸಾರಿದ್ದು ನಿಜವೇ ಅಲ್ಲವೇ, ಮರಿಗಳನ್ನು ಮತ್ತೆ ಕೆಳಗೆ ಬಿಟ್ಟವನು ಕುರುಬನಲ್ಲವೇ ಎಂದು ಕೇಳಿದ.

ಗುರುಗಳು ಅವನ ಕಡೆ ತಿರುಗಿದರು.

"ಅವನು ಕುಡಿಯದೆ ಇದ್ದ ಆ ಮೂರು ದಿನ ನೀನು ಎಲ್ಲಿದ್ದೆ?"